ಐವತ್ತು ದಾಟಿದ ಮೇಲೆ ಎಚ್‌ಐವಿ ಚಿಕಿತ್ಸೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಮಾರ್ಗದರ್ಶಿ

“ಅಪ್ಪನಿಗೆ ಎಆರ್‌ಟಿ ಗುಳಿಗೆ ನಡೆದಿದೆ. ಈಗ ಶುಗರ್ ಬಂದಿದೆ. ಎರಡೂ ಕೂಡಿ ತಗೊಂಡರೆ ಏನಾದರೂ ಆಗುತ್ತಾ?” “ಮೊಣಕಾಲು ನೋಡುವ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಲೇಬೇಕಾ?” “ಅವ್ವನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂದಿದೆ, ಗುಳಿಗೆ ನಿಲ್ಲಿಸೋಣವಾ?” ಓದುಗರು ಕೇಳುವುದು ಸುತ್ತಿ ಸುತ್ತಿ ಇವನ್ನೇ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿದ್ದೇನೆ.

ಎಆರ್‌ಟಿ ಎಂದರೆ ವೈರಸ್ ಬೆಳೆಯದಂತೆ ತಡೆಯುವ ಔಷಧಗಳು. ಬದುಕಿರುವವರೆಗೂ ತಗೊಳ್ಳಬೇಕು. ನಮ್ಮ ದೇಶದಲ್ಲಿ ಸರ್ಕಾರ ಇದನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲು ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ 40ರ ಆಸುಪಾಸು ಇದ್ದವರು ಈಗ 60 ದಾಟಿದ್ದಾರೆ. ಮೊಮ್ಮಕ್ಕಳನ್ನು ಕಂಡಿದ್ದಾರೆ. ಇದು ಸಣ್ಣ ವಿಷಯವಲ್ಲ.

ಆದರೆ ವಯಸ್ಸಾದಂತೆ ಕಾಟ ಕೊಡುವುದು ಬೇರೆಯವು: ಬಿಪಿ, ಶುಗರ್, ಹೃದಯ, ಕಿಡ್ನಿ, ಎಲುಬು. ಎಚ್‌ಐವಿ ಚಿಕಿತ್ಸೆಯಲ್ಲಿ 50 ದಾಟಿದವರನ್ನೇ ಹಿರಿಯರು ಎಂದು ಎಣಿಸುತ್ತಾರೆ. ವೈರಸ್ ಹತೋಟಿಯಲ್ಲಿದ್ದರೂ ಮೈಯೊಳಗೆ ಸಣ್ಣ ಉರಿಯೂತ ನಡೆದೇ ಇರುತ್ತದೆ. ಹಾಗಾಗಿ ಈ ಕಾಯಿಲೆಗಳು ಉಳಿದವರಿಗಿಂತ ಬೇಗ ಬರಬಹುದು. ಮೊದಲಿನ ಕಾಲದ ಔಷಧಗಳ ಗುರುತೂ ಉಳಿದಿರುತ್ತದೆ. ಸ್ಟಾವುಡಿನ್ ತಗೊಂಡಿದ್ದ ಎಷ್ಟೋ ಜನರಿಗೆ ಈಗಲೂ ಅಂಗಾಲು ಉರಿ, ಜೋಮು ಇದೆ.

ಬಿಪಿ-ಶುಗರ್ ನೋಡುವ ಡಾಕ್ಟರು ಬೇರೆ, ಎಆರ್‌ಟಿ ಡಾಕ್ಟರು ಬೇರೆ. ಇವರು ಬರೆದ ಚೀಟಿಯನ್ನು ಅವರು ನೋಡಿರುವುದಿಲ್ಲ. ಹೆಚ್ಚಿನ ತೊಂದರೆ ಹುಟ್ಟುವುದು ಈ ಸಂದಿಯಲ್ಲಿ. ಅದನ್ನು ಮುಚ್ಚುವ ಕೆಲಸ ರೋಗಿಯ ಇಲ್ಲವೇ ಮನೆಯವರ ಹೆಗಲಿಗೆ ಬಿದ್ದಿದೆ. ಬೀಳಬಾರದಿತ್ತು. ಆದರೆ ಬಿದ್ದಿದೆ, ಹಾಗಾಗಿ ಅದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ನೋಡೋಣ.

1. ಕಾಗದಪತ್ರ ಒಂದೇ ಚೀಲದಲ್ಲಿ ಇಡಿ

ಎಆರ್‌ಟಿ ಕೇಂದ್ರ ಕೊಟ್ಟ ಹಸಿರು ಪುಸ್ತಕ ಮೊದಲು ಬೇಕು. ನಿಮ್ಮ ನೋಂದಣಿ ಸಂಖ್ಯೆ, ನಡೆದಿರುವ ಔಷಧ, ಮುಂದಿನ ತಾರೀಕು ಅದರಲ್ಲಿರುತ್ತವೆ. ಅದರ ಜೊತೆ ಕೊನೆಯ ರಕ್ತ ಪರೀಕ್ಷೆಗಳ ರಿಪೋರ್ಟು, ಆಧಾರ್, ರೇಷನ್ ಕಾರ್ಡ್, ಮಾಡಿಸಿದ್ದರೆ ಆಯುಷ್ಮಾನ್ ಕಾರ್ಡ್ ಇಡಿ.

ಇನ್ನು ಔಷಧಗಳ ಪಟ್ಟಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ. ಒಂದು ಹಾಳೆಯಲ್ಲಿ ಪ್ರತಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾರು ಬರೆದದ್ದು, ಎಂದಿನಿಂದ ಅಂತ ಬರೆಯಿರಿ. ಗುಳಿಗೆ ಅಷ್ಟೇ ಸಾಲದು. ಕಣ್ಣಿನ ಹನಿ, ದಮ್ಮಿನ ಪಂಪು, ಮುಲಾಮು, ಶಕ್ತಿಗೆ ಅಂತ ತಂದ ಪುಡಿ, ನಾಟಿ ಔಷಧ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಎಲ್ಲವೂ ಬರಬೇಕು. ಕೆಳಗೆ ಹಿಂದೆ ತಗೊಂಡಿದ್ದ ಎಆರ್‌ಟಿ ಔಷಧಗಳನ್ನೂ ಬರೆಯಿರಿ. ಯಾವುದಾದರೂ ಔಷಧ ಮೈಗೆ ಆಗಿಬಂದಿಲ್ಲದಿದ್ದರೆ ಅದನ್ನೂ ಸೇರಿಸಿ.

ಜನ ಎಡವುವುದು ಎರಡು ಕಡೆ. “ಬಿಪಿ ಗುಳಿಗೆ, ಬಿಳಿದು, ಸಣ್ಣದು” ಅಂತ ಬರೆದರೆ ಯಾವ ಡಾಕ್ಟರಿಗೂ ಉಪಯೋಗವಿಲ್ಲ. ಇನ್ನೊಂದು, ಯಾರಾದರೂ ನೋಡುತ್ತಾರೆ ಅಂತ ಎಆರ್‌ಟಿ ಡಬ್ಬಿಯ ಲೇಬಲ್ ಕಿತ್ತು ಹಾಕುವುದು. ಯಾಕೆ ಕೀಳುತ್ತಾರೆ ಅಂತ ನನಗೆ ಅರ್ಥವಾಗುತ್ತದೆ. ಕೀಳಲೇಬೇಕಿದ್ದರೆ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ.

2. ಯಾವುದಕ್ಕೆ ಎಲ್ಲಿಗೆ ಹೋಗಬೇಕು

ಎಆರ್‌ಟಿ ಕೇಂದ್ರ ಹುಬ್ಬಳ್ಳಿಯ ಕಿಮ್ಸ್‌ನಲ್ಲಿದೆ. ಆಸ್ಪತ್ರೆಯ ಹೆಸರು ಈಗ ಕೆಎಂಸಿಆರ್‌ಐ, ಜನ ಮಾತ್ರ ಕಿಮ್ಸ್ ಅಂತಲೇ ಕರೆಯುತ್ತಾರೆ. ಗದಗದವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ. ಧಾರವಾಡದವರು ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ ಕೇಳಿದರೆ ಹತ್ತಿರದ ಕೇಂದ್ರ ತಿಳಿಸುತ್ತಾರೆ. ಐಸಿಟಿಸಿ ಎಂದರೆ ಉಚಿತವಾಗಿ, ಗುಟ್ಟಾಗಿ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರ.

ಪ್ರತಿ ತಿಂಗಳು ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ವಯಸ್ಸಾದವರಿಗೆ ಕಷ್ಟ. ಇದಕ್ಕೆ ಎರಡು ದಾರಿ ಇವೆ. ಒಂದು, ಲಿಂಕ್ ಎಆರ್‌ಟಿ ಕೇಂದ್ರ, ಅಂದರೆ ದೊಡ್ಡ ಕೇಂದ್ರದ ಕೈಕೆಳಗೆ ಗುಳಿಗೆ ಹಂಚುವ ಜಾಗ. ಕೆಲವು ತಾಲೂಕು ಆಸ್ಪತ್ರೆಗಳಲ್ಲಿ ಇದಿದೆ. ಎರಡು, ಆರೋಗ್ಯ ಸ್ಥಿರವಾಗಿದ್ದು ವೈರಸ್ ಹತೋಟಿಯಲ್ಲಿದ್ದರೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ವ್ಯವಸ್ಥೆ. ಕೇಳದೆ ಸಿಗುವುದು ಕಡಿಮೆ. ಬಾಯಿ ಬಿಟ್ಟು ಕೇಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸು ಉಚಿತ. ಹಿರೇಕೆರೂರಿನಿಂದ ಹಾವೇರಿಗೆ, ಮುಂಡರಗಿಯಿಂದ ಗದಗಕ್ಕೆ ಬರುವ ಅವ್ವಂದಿರಿಗೆ ಆ ಒಂದು ಖರ್ಚಾದರೂ ಉಳಿಯುತ್ತದೆ.

ಬಿಪಿ, ಶುಗರ್ ಇದ್ದರೆ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ಗೆ ಹೋಗಿ. ಎನ್‌ಸಿಡಿ ಎಂದರೆ ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳು. ಅಲ್ಲಿ ತಪಾಸಣೆ, ಗುಳಿಗೆ ಉಚಿತ. ಎಆರ್‌ಟಿಗೆ ಹೋದ ದಿನವೇ ಅದೇ ಆವರಣದಲ್ಲಿ ಇದನ್ನೂ ಮುಗಿಸಿಕೊಂಡರೆ ಒಂದು ಓಡಾಟ ಉಳಿಯುತ್ತದೆ, ಅಲ್ವಾ? ಬೆಳಿಗ್ಗೆ ಬೇಗ ಹೋಗಿ. ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಇದ್ದರೆ ರೊಟ್ಟಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ತಿನ್ನಿ.

ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ ಅದು, ದುಡ್ಡು ಹತ್ತುವುದಿಲ್ಲ.

3. ಬೇರೆ ಡಾಕ್ಟರಿಗೆ ಹೇಳುವುದು

ಇದು ಎಲ್ಲರೂ ಹಿಂಜರಿಯುವ ಹೆಜ್ಜೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಔಷಧ ಬರೆಯುವ ಡಾಕ್ಟರಿಗೆ ಹೇಳಿ. ಕಾಂಪೌಂಡರಿಗೆ, ಚೀಟಿ ಮಾಡುವವರಿಗೆ, ಪಕ್ಕದ ಮಂಚದವರಿಗೆ ಹೇಳುವ ಅಗತ್ಯವಿಲ್ಲ.

2017ರ ಎಚ್‌ಐವಿ-ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸ್ಥಿತಿಯನ್ನು ಹೊರಗೆಡಹುವಂತಿಲ್ಲ ಎಂದು ಅದು ಹೇಳುತ್ತದೆ. ಕೋರ್ಟ್ ಆದೇಶದಂತಹ ಕೆಲವು ವಿನಾಯಿತಿಗಳಿವೆ. ನಿಮ್ಮನ್ನೇ ನೋಡಿಕೊಳ್ಳುತ್ತಿರುವ ಇನ್ನೊಬ್ಬ ಡಾಕ್ಟರಿಗೆ ಚಿಕಿತ್ಸೆಗೆ ಬೇಕಾದಷ್ಟು ತಿಳಿಸುವುದೂ ಅವುಗಳಲ್ಲಿ ಒಂದು.

ಎಲ್ಲರ ಮುಂದೆ ಬಾಯಿಬಿಟ್ಟು ಹೇಳಲು ಮುಜುಗರವಾದರೆ ಔಷಧ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟು “ಸರ್, ಈ ಗುಳಿಗೆಗಳು ನಡೆದಿವೆ, ಇವಕ್ಕೆ ಹೊಂದುವ ಔಷಧ ಬರೆಯಿರಿ” ಅನ್ನಿ. ಓದಿದ ಡಾಕ್ಟರಿಗೆ ಅಷ್ಟು ಸಾಕು. ಮುಜುಗರ ಇನ್ನೂ ಇದ್ದರೆ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರ ಸಹಾಯ ಕೇಳಿ. ಬೇರೆ ವಿಭಾಗಕ್ಕೆ ಹೇಗೆ ಕಳಿಸಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಮನೆಯಲ್ಲೂ ಒಬ್ಬರಿಗಾದರೂ ಗೊತ್ತಿರಲಿ. ರಾತ್ರಿ ಹೊತ್ತು ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಸೇರಿಸಿದರೆ ಯಾವ ಗುಳಿಗೆ ನಡೆದಿದೆ ಅಂತ ಹೇಳುವವರು ಬೇಕಲ್ಲ. ಮಗನೋ, ಸೊಸೆಯೋ, ತಂಗಿಯೋ, ನಂಬಿಕೆಯ ಗೆಳೆಯರೋ, ಯಾರಾದರೂ ಸರಿ. ಒಂದೇ ತಾಟಿನಲ್ಲಿ ಉಂಡರೆ, ಮೊಮ್ಮಗುವಿಗೆ ಮುತ್ತು ಕೊಟ್ಟರೆ ಎಚ್‌ಐವಿ ಹರಡುವುದಿಲ್ಲ ಅಂತ ಇನ್ನೂ ಗೊತ್ತಿಲ್ಲದ ಮನೆಗಳಿವೆ. ಹೇಳುವಾಗ ಅದನ್ನೂ ಹೇಳಿ.

4. ಯಾವ ಗುಳಿಗೆಗೆ ಯಾವುದು ಆಗುವುದಿಲ್ಲ

ಈ ಭಾಗವನ್ನು ಸಾವಕಾಶ ಓದಿ.

ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಒಂದೇ ಗುಳಿಗೆ, ಒಳಗೆ ಮೂರು ಔಷಧ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಹಳೆಯವುಗಳಿಗಿಂತ ಇದು ಬಹಳ ಸರಳ. ಆದರೂ ಇದಕ್ಕೆ ಒಗ್ಗದವು ಕೆಲವಿವೆ.

ಗ್ಯಾಸಿನ ಔಷಧ. ಜೆಲುಸಿಲ್, ಡೈಜೀನ್ ತರಹದವುಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಅವು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡುಬಿಡುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಟಿಎಲ್‌ಡಿ ತಗೊಂಡು 2 ತಾಸು ಆದ ಮೇಲೆ ಇವನ್ನು ಕುಡಿಯಿರಿ. ಮೊದಲೇ ಇವನ್ನು ಕುಡಿದಿದ್ದರೆ 6 ತಾಸು ಬಿಟ್ಟು ಟಿಎಲ್‌ಡಿ ತಗೊಳ್ಳಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬೇರೆ ಜಾತಿಯವು. ಟಿಎಲ್‌ಡಿ ಜೊತೆ ಅವುಗಳಿಂದ ಈ ತೊಂದರೆ ಇಲ್ಲ.

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆ. ವಯಸ್ಸಾದ ಹೆಣ್ಣುಮಕ್ಕಳಿಗೆಲ್ಲ ಇವನ್ನು ಬರೆದೇ ಇರುತ್ತಾರೆ. ಊಟದ ಜೊತೆಯಾದರೆ ಟಿಎಲ್‌ಡಿಯನ್ನೂ ಇವನ್ನೂ ಒಟ್ಟಿಗೆ ತಗೊಳ್ಳಬಹುದು. ಖಾಲಿ ಹೊಟ್ಟೆಯಾದರೆ ಮೇಲಿನ 2 ತಾಸು, 6 ತಾಸಿನ ಲೆಕ್ಕವೇ. ಸುಲಭ ದಾರಿ: ಟಿಎಲ್‌ಡಿ ರಾತ್ರಿ, ಕ್ಯಾಲ್ಸಿಯಂ ಮಧ್ಯಾಹ್ನ.

ಮೆಟ್‌ಫಾರ್ಮಿನ್. ಶುಗರ್‌ಗೆ ಮೊದಲು ಬರೆಯುವ ಗುಳಿಗೆ ಇದೇ. ಡೊಲುಟೆಗ್ರಾವಿರ್ ಜೊತೆಗಿದ್ದಾಗ ಮೆಟ್‌ಫಾರ್ಮಿನ್ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಹಾಗಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ಕಿಡ್ನಿ ಸೊರಗಿದ್ದರೆ ಇನ್ನೂ ಕಡಿಮೆ. ಎರಡು ಔಷಧ ಕೂಡಿಸಿದ ಶುಗರ್ ಗುಳಿಗೆಗಳ ಮೇಲೆ ಮೆಟ್‌ಫಾರ್ಮಿನ್ ಅಂತ ದೊಡ್ಡದಾಗಿ ಬರೆದಿರುವುದಿಲ್ಲ. ಹೆಸರಿನ ತುದಿಗೆ ‘ಎಂ’ ಇದ್ದರೆ ಒಳಗೆ ಅದು ಇರುವ ಸಾಧ್ಯತೆ ಜಾಸ್ತಿ. ಹಿಂಭಾಗದ ಸಣ್ಣ ಅಕ್ಷರ ಓದಿಸಿ, ಇಡೀ ದಿನದ್ದು ಕೂಡಿಸಿ ನೋಡಿ. ಜಾಸ್ತಿ ಇದೆ ಅಂತ ಕಂಡರೆ ನೀವೇ ಕಡಿಮೆ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಶುಗರ್ ಏರಿದರೆ ಅದೂ ಕಷ್ಟವೇ.

ನೋವಿನ ಗುಳಿಗೆ. ನನಗೆ ಹೆಚ್ಚು ಚಿಂತೆ ಇರುವುದು ಇದರದ್ದೇ. ಮೊಣಕಾಲು ನೋವು, ಬೆನ್ನು ನೋವು ಅಂದ ಕೂಡಲೇ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಇಲ್ಲವೇ ಒಂದು ಇಂಜೆಕ್ಷನ್. ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ವಾರಗಟ್ಟಲೆ ನುಂಗುವವರಿದ್ದಾರೆ. ಟೆನೊಫೊವಿರ್ ಕೂಡ ಕಿಡ್ನಿಯ ಮೇಲೆ ಭಾರ ಹಾಕುವ ಔಷಧ. ಎರಡೂ ಸೇರಿದರೆ, ಅದರಲ್ಲೂ ಬಿಸಿಲಲ್ಲಿ ನೀರು ಕಡಿಮೆ ಕುಡಿದಿದ್ದರೆ, ಕಿಡ್ನಿ ದಿಢೀರನೆ ಕೈಕೊಡಬಹುದು. ಮೆಡಿಕಲ್ ಶಾಪಿನಲ್ಲಿ “ಮೈಕೈ ನೋವಿಗೆ ಏನಾದರೂ ಕೊಡಿ” ಅನ್ನುವುದನ್ನು ಬಿಡಿ. ಪ್ಯಾರಾಸಿಟಮಾಲ್ ಇದಕ್ಕಿಂತ ಸುರಕ್ಷಿತ.

ಫಿಟ್ಸ್ ಔಷಧ. ಫೆನಿಟೊಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ಇವು ಡೊಲುಟೆಗ್ರಾವಿರ್ ಅನ್ನು ದೇಹದಿಂದ ಬೇಗ ಹೊರಹಾಕುತ್ತವೆ. ವೈರಸ್ ಮತ್ತೆ ತಲೆಯೆತ್ತಬಹುದು. ಕಾರ್ಬಮಜೆಪಿನ್ ಅನ್ನು ನರದ ನೋವಿಗೂ ಕೊಡುತ್ತಾರೆ, ಅದಕ್ಕೇ “ನಮಗೆ ಫಿಟ್ಸ್ ಇಲ್ಲ” ಅಂತ ಈ ಸಾಲು ದಾಟಬೇಡಿ.

ಟಿಬಿ ಔಷಧ. ರಿಫಾಂಪಿಸಿನ್ ನಡೆದಾಗ 12 ತಾಸಿನ ಅಂತರದಲ್ಲಿ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕಾಗುತ್ತದೆ. ಟಿಬಿ ಗುಳಿಗೆ ಬೇರೆ ಕಡೆ ಶುರುವಾದರೆ ಅದೇ ವಾರ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ.

ಇನ್ನು ಎರಡನೇ ಹಂತದ ಔಷಧದವರು. ಮೊದಲಿನ ಔಷಧ ಕೆಲಸ ಮಾಡದೆ ಬದಲಾಯಿಸಿಕೊಂಡವರು ಇವರು. ಅಟಜಾನಾವಿರ್, ಲೋಪಿನಾವಿರ್ ಅಥವಾ ದಾರುನಾವಿರ್ ತಗೊಳ್ಳುವವರಿಗೆ ಜೊತೆಯಲ್ಲಿ ರಿಟೊನಾವಿರ್ ಇರುತ್ತದೆ. ರಿಟೊನಾವಿರ್ ಇತರ ಔಷಧಗಳನ್ನು ಲಿವರ್ ಕರಗಿಸದಂತೆ ತಡೆಯುತ್ತದೆ. ಅವುಗಳ ಪ್ರಮಾಣ ಮೈಯಲ್ಲಿ ಏರುತ್ತಾ ಹೋಗುತ್ತದೆ. ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ಇದರ ಜೊತೆ ಬೇಡವೇ ಬೇಡ. ಮೊಣಕಾಲಿಗೆ ಚುಚ್ಚುವ ಸ್ಟಿರಾಯ್ಡ್ ಇಂಜೆಕ್ಷನ್, ದಮ್ಮಿಗೆ ಎಳೆದುಕೊಳ್ಳುವ ಸ್ಟಿರಾಯ್ಡ್ ಪಂಪುಗಳಲ್ಲಿ ಕೆಲವು ತಿಂಗಳಾನುಗಟ್ಟಲೆ ತೊಂದರೆ ಕೊಡುತ್ತವೆ: ಮುಖ ಊದುತ್ತದೆ, ಶುಗರ್ ಏರುತ್ತದೆ. ಗಂಡಸರು ಗುಟ್ಟಾಗಿ ತಗೊಳ್ಳುವ ಸಿಲ್ಡೆನಾಫಿಲ್‌ನಿಂದ ಬಿಪಿ ಕುಸಿಯಬಹುದು. ಆಮ್ಲೊಡಿಪಿನ್ ತರಹದ ಬಿಪಿ ಗುಳಿಗೆ ಕಡಿಮೆ ಪ್ರಮಾಣದಿಂದ ಶುರುವಾಗಬೇಕು. ಅಟಜಾನಾವಿರ್ ತಗೊಳ್ಳುವವರು ಪ್ಯಾಂಟೊಪ್ರಜೋಲ್ ಜಾತಿಯ ಗ್ಯಾಸಿನ ಗುಳಿಗೆಯನ್ನು ಕೇಳದೆ ತಗೊಳ್ಳಬಾರದು, ಎಆರ್‌ಟಿಯೇ ಮೈಗೆ ಹತ್ತುವುದಿಲ್ಲ.

ಕಪ್ಪತಗುಡ್ಡದ ಗಿಡಮೂಲಿಕೆಗೆ ನಮ್ಮ ಕಡೆ ಹೆಸರಿದೆ. ಕಷಾಯ, ಲೇಹ್ಯ ಎಲ್ಲ ವಿಷ ಅಂತ ನಾನು ಹೇಳುವುದಿಲ್ಲ. ಆದರೆ ಏನು ಬೆರೆಸಿದ್ದಾರೆ ಅಂತ ತಿಳಿಯದ ಪುಡಿ, ಭಸ್ಮ ಬೇಡ. ಕೆಲವು ಭಸ್ಮಗಳಲ್ಲಿ ಪಾದರಸ, ಸೀಸ ಇರುತ್ತವೆ, ಕಿಡ್ನಿಗೆ ಕೆಟ್ಟದ್ದು. ಎಚ್‌ಐವಿಯನ್ನೇ ವಾಸಿ ಮಾಡುತ್ತೇವೆ, ಎಆರ್‌ಟಿ ನಿಲ್ಲಿಸಿ ಎನ್ನುವವರ ಮನೆಯ ಮೆಟ್ಟಿಲು ಹತ್ತಬೇಡಿ. ಹೆಪಟೈಟಿಸ್ ಬಿ ಕೂಡ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಟೆನೊಫೊವಿರ್, ಲ್ಯಾಮಿವುಡಿನ್ ಆ ವೈರಸ್ಸನ್ನೂ ತಡೆಹಿಡಿದಿರುತ್ತವೆ. ದಿಢೀರನೆ ನಿಲ್ಲಿಸಿದರೆ ಲಿವರ್ ಕೆರಳುತ್ತದೆ.

5. ವರ್ಷದ ಪರೀಕ್ಷೆಗಳು

ವೈರಲ್ ಲೋಡ್: ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ. ಸ್ಥಿರವಾಗಿರುವವರಿಗೆ ವರ್ಷಕ್ಕೊಮ್ಮೆ. 1000ಕ್ಕಿಂತ ಕೆಳಗಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. “ಪತ್ತೆಯಾಗಿಲ್ಲ” ಅಂತ ಬಂದರೆ ಇನ್ನೂ ಒಳ್ಳೆಯದು. ಹಾಗೇ ಉಳಿಸಿಕೊಂಡವರಿಂದ ಗಂಡ-ಹೆಂಡತಿಯ ಸಂಬಂಧದಲ್ಲಿ ಎಚ್‌ಐವಿ ಹರಡುವುದಿಲ್ಲ. ವಯಸ್ಸಾದವರು ಈ ಮಾತು ಕೇಳಲು ನಾಚುತ್ತಾರೆ, ಡಾಕ್ಟರು ಹೇಳಲು ಮರೆಯುತ್ತಾರೆ.

ಸಿಡಿ4: ರೋಗ ತಡೆಯುವ ಬಿಳಿ ರಕ್ತಕಣಗಳ ಎಣಿಕೆ. ವಯಸ್ಸಾದವರಲ್ಲಿ ಇದು ನಿಧಾನವಾಗಿ ಏರುತ್ತದೆ. ವೈರಲ್ ಲೋಡ್ ಚೆನ್ನಾಗಿದ್ದರೆ ಇದೊಂದನ್ನೇ ಹಿಡಿದು ಗಾಬರಿಯಾಗಬೇಡಿ.

ಕ್ರಿಯಾಟಿನಿನ್: ಕಿಡ್ನಿಯ ಪರೀಕ್ಷೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಿ ಅಲ್ಲೇ ನಿಲ್ಲುತ್ತದೆ. ಕಿಡ್ನಿಗೆ ಏನೂ ಆಗಿರುವುದಿಲ್ಲ. ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಲೇ ಹೋದರೆ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಮಾತ್ರ ಅದು ಬೇರೆ ವಿಷಯ. ಇನ್ನೊಂದು ಮಾತು: ಬಡಕಲು ಮೈಯ ಅಜ್ಜಿಗೆ ಕ್ರಿಯಾಟಿನಿನ್ 1.0 ಅಂತ ಬಂದರೆ “ನಾರ್ಮಲ್” ಅಂತ ಬಿಡುವುದುಂಟು. ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್ ಸಂಖ್ಯೆ ಕೇಳಿ. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುವುದು ಅದು. 50ಕ್ಕಿಂತ ಕೆಳಗಿಳಿದರೆ ಟೆನೊಫೊವಿರ್ ಬದಲಾಯಿಸುವ ಬಗ್ಗೆ ಡಾಕ್ಟರು ಯೋಚಿಸುತ್ತಾರೆ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಈ ಪರೀಕ್ಷೆ 6 ತಿಂಗಳಿಗೊಮ್ಮೆ ಆದರೆ ಒಳ್ಳೆಯದು.

ಶುಗರ್ ಮತ್ತು ತೂಕ: ಡೊಲುಟೆಗ್ರಾವಿರ್‌ನಿಂದ ಕೆಲವರ ತೂಕ ಏರುತ್ತದೆ, ಕೆಲವರಲ್ಲಿ ಶುಗರ್ ಕೂಡ. ಹೊಸ ಔಷಧಕ್ಕೆ ಬದಲಾದ ಮೇಲೆ ಬಾಯಾರಿಕೆ, ರಾತ್ರಿ ಮೇಲಿಂದ ಮೇಲೆ ಮೂತ್ರ, ಸುಸ್ತು ಕಂಡರೆ ಮುಂದಿನ ತಾರೀಕಿನವರೆಗೆ ಕಾಯಬೇಡಿ.

ಜಿಡೊವುಡಿನ್ ಎಂಬ ಎಆರ್‌ಟಿ ಔಷಧ ತಗೊಳ್ಳುವವರು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲೇಬೇಕು, ಅದು ರಕ್ತ ಕಡಿಮೆ ಮಾಡುತ್ತದೆ. ಬಿಪಿ, ಕೊಲೆಸ್ಟರಾಲ್ ಎಲ್ಲರಿಗೂ. ಟಿಬಿಗೆ ಸಂಬಂಧಿಸಿದ ನಾಲ್ಕು ಪ್ರಶ್ನೆ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಸುಮ್ನೆ “ಇಲ್ಲ, ಇಲ್ಲ” ಅಂತ ತಲೆಯಾಡಿಸಬೇಡಿ.

ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ. ಎಚ್‌ಐವಿ ಇರುವ ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರಿನ ಅಪಾಯ ಸುಮಾರು 6 ಪಟ್ಟು ಜಾಸ್ತಿ. “ಮುಟ್ಟು ನಿಂತು ಎಷ್ಟೋ ವರ್ಷ ಆಯಿತು, ಇನ್ನೇಕೆ” ಅಂತ ಬಿಟ್ಟವರೇ ಹೆಚ್ಚು. ಒಮ್ಮೆಯೂ ಮಾಡಿಸಿಲ್ಲವಾದರೆ ಈ ಸಲ ಕೇಳಿ ಮಾಡಿಸಿ. ಕೆಲವು ನಿಮಿಷದ ಕೆಲಸ.

6. ಹೃದಯ ಮತ್ತು ಎಲುಬು

2023ರಲ್ಲಿ ರಿಪ್ರೀವ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಭಾರತದವರೂ ಅದರಲ್ಲಿದ್ದರು. ಎಚ್‌ಐವಿ ಇರುವ 40ರಿಂದ 75 ವರ್ಷದವರು, ಹೃದಯದ ಅಪಾಯ ಅಷ್ಟೇನೂ ಹೆಚ್ಚಿಲ್ಲದವರು, ದಿನಕ್ಕೆ 4 ಮಿಲಿಗ್ರಾಂ ಪಿಟವಾಸ್ಟಾಟಿನ್ ತಗೊಂಡಾಗ ಹೃದಯಾಘಾತ, ಪಾರ್ಶ್ವವಾಯುವಿನಂತಹ ದೊಡ್ಡ ಘಟನೆಗಳು 35% ಕಡಿಮೆಯಾದವು. ಸ್ಟಾಟಿನ್ ಎಂದರೆ ಕೊಲೆಸ್ಟರಾಲ್ ಇಳಿಸುವ ಔಷಧ. ಹಾಗಾಗಿ “ನನಗೆ ಸ್ಟಾಟಿನ್ ಬೇಕಾ?” ಅಂತ ಕೇಳುವುದು ನಿಮ್ಮ ಹಕ್ಕು. ಯಾವ ಸ್ಟಾಟಿನ್ ಎಂಬುದು ನಿಮ್ಮ ಎಆರ್‌ಟಿ ಮೇಲೆ ನಿಂತಿದೆ.

ತಂಬಾಕು-ಸುಣ್ಣ, ಗುಟ್ಕಾ, ಬೀಡಿ ಬಿಡದೆ ಬರೀ ಸ್ಟಾಟಿನ್ ನುಂಗಿದರೆ ಪ್ರಯೋಜನ ಅರ್ಧ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಪಿಯವರಿಗೆ ಕಡಿಮೆ ಇರಲಿ. ರೊಟ್ಟಿ, ಕಾಳುಪಲ್ಯ, ತಪ್ಪಲುಪಲ್ಯ, ಮೊಸರು ಇರುವ ನಮ್ಮ ಊಟ ಚೆನ್ನಾಗಿಯೇ ಇದೆ. ವಯಸ್ಸಾದವರು ಹಲ್ಲಿಲ್ಲ ಅಂತ ಬರೀ ಅನ್ನ-ಸಾರಿಗೆ ಇಳಿದಾಗ ಪ್ರೋಟೀನ್ ಕಡಿಮೆಯಾಗುತ್ತದೆ. ಕಾಳನ್ನು ಮೆತ್ತಗೆ ಬೇಯಿಸಿ ಕೊಡಿ.

ಎಲುಬು ಸವೆಯುವುದು ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಮೊದಲೇ ಇರುತ್ತದೆ, ಟೆನೊಫೊವಿರ್ ಸ್ವಲ್ಪ ಕೂಡಿಸುತ್ತದೆ. ಸಣ್ಣಗೆ ಬಿದ್ದರೂ ಎಲುಬು ಮುರಿದಿದ್ದರೆ, ಎತ್ತರ ಕಡಿಮೆಯಾದಂತೆ ಕಂಡರೆ ಡೆಕ್ಸಾ ಎಂಬ ಎಲುಬಿನ ಸಾಂದ್ರತೆಯ ಪರೀಕ್ಷೆಯ ಬಗ್ಗೆ ಕೇಳಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ.

7. ಮರೆವು, ಮನಸ್ಸು

ಗುಳಿಗೆ ಮರೆಯುವುದು ಶುರುವಾದರೆ ಬೈಯಬೇಡಿ. ವಾರದ ಏಳು ಮನೆಗಳಿರುವ ಗುಳಿಗೆ ಡಬ್ಬಿ ತನ್ನಿ. ಟಿಎಲ್‌ಡಿ ಮಾತ್ರ ಅದರದೇ ಬಾಟಲಿಯಲ್ಲಿ, ತೇವ ಹೀರುವ ಪೊಟ್ಟಣದ ಸಮೇತ ಇರಲಿ. ದಿನಾ ಮಾಡುವ ಒಂದು ಕೆಲಸಕ್ಕೆ ಗುಳಿಗೆ ಗಂಟು ಹಾಕಿ, ರಾತ್ರಿ ಊಟ ಆದ ಕೂಡಲೇ ಅಂತ. ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

ಮರೆವು ಜಾಸ್ತಿಯಾದರೆ, ದಾರಿ ತಪ್ಪಿದರೆ, ಯಾರೊಡನೆಯೂ ಮಾತು ಬೇಡ ಅಂತ ಕೂತರೆ ಅದನ್ನು “ವಯಸ್ಸಾಯಿತು” ಅಂತ ತಳ್ಳಿಹಾಕಬೇಡಿ. ಖಿನ್ನತೆ, ಥೈರಾಯ್ಡ್, ಬಿ12 ಕೊರತೆ ಇವೆಲ್ಲ ಮರೆವಿನ ಹಾಗೇ ಕಾಣುತ್ತವೆ, ಇವಕ್ಕೆ ಔಷಧವಿದೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನಸ್ಸು, ನರ ಎರಡನ್ನೂ ನೋಡುತ್ತಾರೆ. ಗಂಡ ತೀರಿಹೋಗಿ, ಇಷ್ಟು ವರ್ಷ ಈ ಗುಟ್ಟನ್ನು ಒಬ್ಬರೇ ಹೊತ್ತ ತಾಯಂದಿರು ನಮ್ಮ ಜಿಲ್ಲೆಗಳಲ್ಲಿ ಬಹಳ. ಅವರಿಗೆ ಗುಳಿಗೆಗಿಂತ ಮೊದಲು ಕೂತು ಕೇಳುವವರು ಬೇಕು.

8. ಲಸಿಕೆ

ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ನ್ಯುಮೋಕಾಕಲ್ ಲಸಿಕೆ ನ್ಯುಮೋನಿಯಾ ತಡೆಯಲು. ಹೆಪಟೈಟಿಸ್ ಬಿ ಇಲ್ಲದವರಿಗೆ ಅದರ ಲಸಿಕೆ. ಸರ್ಪಸುತ್ತಿಗೆ ಈಗ ಜೀವಂತ ವೈರಸ್ ಇಲ್ಲದ ಲಸಿಕೆ ಖಾಸಗಿಯಲ್ಲಿ ಸಿಗುತ್ತದೆ, ದುಬಾರಿ. ಸಿಡಿ4 200ಕ್ಕಿಂತ ಕಡಿಮೆ ಇರುವವರು ಜೀವಂತ ವೈರಸ್ ಇರುವ ಯಾವ ಲಸಿಕೆಯನ್ನೂ ತಗೊಳ್ಳಬಾರದು.

9. ಐವತ್ತರ ಮೇಲೆ ಮೊದಲ ಸಲ ಗೊತ್ತಾದರೆ

ಅಜ್ಜನಿಗೆ ಎಚ್‌ಐವಿ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ತೂಕ ಇಳಿದರೆ ಶುಗರ್ ಅನ್ನುತ್ತಾರೆ, ಕೆಮ್ಮಿದರೆ ಬೀಡಿ ಅನ್ನುತ್ತಾರೆ. ಹೀಗಾಗಿ ಹಿರಿಯರಲ್ಲಿ ತಡವಾಗಿ ತಿಳಿಯುತ್ತದೆ. ಬಾಯಲ್ಲಿ ಬಿಳಿ ಅಗ್ರ, ಮತ್ತೆ ಮತ್ತೆ ಬೇಧಿ, ಸರ್ಪಸುತ್ತು, ಟಿಬಿ, ಕಾರಣ ತಿಳಿಯದ ತೂಕ ಇಳಿಕೆ ಇದ್ದರೆ ಐಸಿಟಿಸಿಯಲ್ಲಿ ಪರೀಕ್ಷೆ ಮಾಡಿಸಿ. ಸಿಡಿ4 ಎಷ್ಟೇ ಇರಲಿ, 2017ರಿಂದ ಎಲ್ಲರಿಗೂ ಚಿಕಿತ್ಸೆ ಶುರು ಮಾಡುತ್ತಾರೆ.

ಸಿಡಿ4 ಕಡಿಮೆ ಇದ್ದರೆ ಬೇರೆ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್ ಗುಳಿಗೆ ಕೂಡ ಕೊಡುತ್ತಾರೆ. ಟೆಲ್ಮಿಸಾರ್ಟನ್, ಎನಾಲಪ್ರಿಲ್ ತರಹದ ಬಿಪಿ ಗುಳಿಗೆ ಜೊತೆಗಿದ್ದರೆ ವಯಸ್ಸಾದವರ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಶುರು ಮಾಡಿದ ಮೇಲೆ ಒಮ್ಮೆ ಪೊಟ್ಯಾಸಿಯಂ ನೋಡಲು ಹೇಳಿ.

10. ಆಪರೇಷನ್, ಅಡ್ಮಿಟ್

ಕಣ್ಣಿನ ಪೊರೆಯಿಂದ ಹಿಡಿದು ಮುರಿದ ಸೊಂಟದವರೆಗೆ ಯಾವ ಆಪರೇಷನ್ನನ್ನೂ ಎಚ್‌ಐವಿ ಕಾರಣಕ್ಕೆ ನಿರಾಕರಿಸುವಂತಿಲ್ಲ. ಮೇಲೆ ಹೇಳಿದ ಕಾಯ್ದೆ ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ. “ಇಲ್ಲಿ ಸೌಲಭ್ಯ ಇಲ್ಲ, ಬೇರೆ ಕಡೆ ಹೋಗಿ” ಅಂತ ಮೆತ್ತಗೆ ಸಾಗಹಾಕುವುದೇ ಹೆಚ್ಚು. ಆಗ ಜಗಳಕ್ಕೆ ನಿಲ್ಲಬೇಡಿ. ಕಾರಣವನ್ನು ಬರೆದು ಕೊಡಿ ಅನ್ನಿ. ಬಹಳ ಸಲ ಅಷ್ಟಕ್ಕೇ ದಾರಿ ತೆರೆಯುತ್ತದೆ. ಬರೆದುಕೊಡದಿದ್ದರೆ ತಾರೀಕು, ಹೊತ್ತು, ಯಾರು ಏನು ಹೇಳಿದರು ಅಂತ ನೀವೇ ಬರೆದಿಟ್ಟು ಆಪ್ತ ಸಮಾಲೋಚಕರಿಗೆ ತೋರಿಸಿ. ದೂರು ಹೋಗುವುದು ಕಾಯ್ದೆಯಡಿ ನೇಮಕವಾದ ಒಂಬುಡ್ಸ್‌ಮನ್ ಬಳಿಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಯ ಬಳಿಗೆ. ತುರ್ತು ಚಿಕಿತ್ಸೆಯ ದೂರಾದರೆ ಸಾಧ್ಯವಾದಷ್ಟು 24 ತಾಸಿನೊಳಗೆ ಆದೇಶ ಕೊಡಬೇಕು ಎಂದು ಕಾಯ್ದೆಯಲ್ಲಿದೆ.

ಅಡ್ಮಿಟ್ ಆಗುವಾಗ ಎಆರ್‌ಟಿ ಗುಳಿಗೆ ಜೊತೆಯಲ್ಲಿ ಒಯ್ಯಿರಿ, ವಾರ್ಡಿನಲ್ಲಿ ಅದು ಸಿಗುತ್ತದೆ ಅಂತ ನಂಬಬೇಡಿ. ಆಪರೇಷನ್ ದಿನ ಏನೂ ತಿನ್ನಬಾರದು ಅಂದಾಗ ಎಆರ್‌ಟಿ ಗುಳಿಗೆಯನ್ನು ಗುಟುಕು ನೀರಲ್ಲಿ ನುಂಗಬಹುದಾ ಅಂತ ಅರಿವಳಿಕೆ ಡಾಕ್ಟರನ್ನು ಕೇಳಿ. ಬಿಡುಗಡೆ ಚೀಟಿಯಲ್ಲಿ ಬರೆದ ಹೊಸ ಔಷಧಗಳನ್ನು ಅವತ್ತೇ ನಿಮ್ಮ ಪಟ್ಟಿಗೆ ಸೇರಿಸಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಾಗ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಅದಿಲ್ಲದೆ ನೇರ ಖಾಸಗಿಗೆ ಹೋದರೆ ದುಡ್ಡು ಕೈಯಿಂದಲೇ ಹೋಗುತ್ತದೆ.

11. ಊರು ಬಿಟ್ಟು ಮಕ್ಕಳ ಮನೆಗೆ ಹೋಗುವಾಗ

ಬೆಂಗಳೂರಲ್ಲೋ ಪುಣೆಯಲ್ಲೋ ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇರುವುದು ಈಗ ಸಾಮಾನ್ಯ. ಹೋಗುವ ಮೊದಲೇ ಕೇಂದ್ರಕ್ಕೆ ತಿಳಿಸಿ, ಇರುವ ದಿನಗಳಿಗೆ ಸಾಲುವಷ್ಟು ಗುಳಿಗೆ ಕೇಳಿ. ಅಲ್ಲಿ ಮುಗಿದುಹೋದರೆ ಹಸಿರು ಪುಸ್ತಕ ತೋರಿಸಿ ಹತ್ತಿರದ ಯಾವುದೇ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಪಡೆಯಬಹುದು. ಕಾಯಂ ಆಗಿ ಅಲ್ಲೇ ಉಳಿಯುವುದಾದರೆ ಇಲ್ಲಿಂದ ವರ್ಗಾವಣೆ ಮಾಡಿಸಿಕೊಳ್ಳಿ. ಹೇಳದೆ ಹೋದರೆ ಇಲ್ಲಿನ ದಾಖಲೆಯಲ್ಲಿ ಚಿಕಿತ್ಸೆ ಬಿಟ್ಟವರ ಸಾಲಿಗೆ ಸೇರಿಸುತ್ತಾರೆ, ಮನೆಗೆ ಹುಡುಕಿಕೊಂಡು ಬರುತ್ತಾರೆ. ಗುಟ್ಟು ಕಾಯುವವರಿಗೆ ಅದೊಂದು ಹೊಸ ತಲೆನೋವು. ಬಸ್ಸಲ್ಲಿ, ರೈಲಲ್ಲಿ ಗುಳಿಗೆ ಕೈಚೀಲದಲ್ಲೇ ಇರಲಿ, ಸೀಟಿನ ಕೆಳಗೆ ತಳ್ಳುವ ದೊಡ್ಡ ಬ್ಯಾಗಿನಲ್ಲಿ ಬೇಡ.